ಸಿಲ್ಕನ್ ಲೌಮನ್

ಸಿಲ್ಕನ್ ಲೌಮನ್ (ಜನನ: 14 ನವೆಂಬರ್ 1964) ಅವರು ಕೆನಡಾದ ಮಾಜಿ ರೋಯಿಂಗ್ ಕ್ರೀಡಾಪಟು ಹಾಗೂ ಲೇಖಕಿ. 1984ರಿಂದ 1996ರವರೆಗೆ ನಾಲ್ಕು ಒಲಿಂಪಿಕ್ ಕ್ರೀಡಾಕೂಟಗಳಲ್ಲಿ ಸ್ಪರ್ಧಿಸಿ ಒಂದು ಬೆಳ್ಳಿ ಹಾಗೂ ಎರಡು ಕಂಚಿನ ಪದಕಗಳನ್ನು ಪಡೆದರು. 1991ರಲ್ಲಿ ಸಿಂಗಲ್ ಸ್ಕಲ್ಸ್ ವಿಭಾಗದ ವಿಶ್ವ ಚಾಂಪಿಯನ್ ಆಗಿದ್ದರು. ಮರುವರ್ಷ ಬಾರ್ಸಿಲೋನಾ ಒಲಿಂಪಿಕ್ಸ್ ಆರಂಭವಾಗಲು ಹತ್ತು ವಾರಗಳಿದ್ದಾಗ ಜರ್ಮನಿಯಲ್ಲಿ ಸಂಭವಿಸಿದ ದೋಣಿ ಅಪಘಾತದಲ್ಲಿ ಅವರ ಬಲಗಾಲು ತೀವ್ರವಾಗಿ ಗಾಯಗೊಂಡಿತು. ಐದು ಶಸ್ತ್ರಚಿಕಿತ್ಸೆಗಳ ಅನಂತರ ಅದೇ ಒಲಿಂಪಿಕ್ಸ್‌ನಲ್ಲಿ ಅವರು ಗೆದ್ದ ಕಂಚಿನ ಪದಕವು ರೋಯಿಂಗ್ ಇತಿಹಾಸದಲ್ಲಿ ಹೆಚ್ಚು ನೆನಪಾಗುವ ಫಲಿತಾಂಶಗಳಲ್ಲೊಂದಾಗಿದೆ.

ಕ್ರೀಡೆಯ ಸ್ವರೂಪ

ಲೌಮನ್ ಅವರ ವೃತ್ತಿಜೀವನವನ್ನು, ವಿಶೇಷವಾಗಿ 1992ರ ಅಪಘಾತವನ್ನು ಅರಿಯಲು ರೋಯಿಂಗ್‌ನ ಕೆಲವು ಮೂಲ ಸಂಗತಿಗಳು ಅಗತ್ಯ. ಹರಿಗೋಲಿನಲ್ಲಿ ನದಿ ದಾಟಿಸುವ ಅಂಬಿಗನು ಸಾಮಾನ್ಯವಾಗಿ ತಾನು ಹೋಗುವ ದಿಕ್ಕಿಗೆ ಮುಖ ಮಾಡಿರುತ್ತಾನೆ. ರೋಯಿಂಗ್ ಸ್ಪರ್ಧಿಯು ಇದಕ್ಕೆ ವಿರುದ್ಧವಾಗಿ ಗುರಿಗೆ ಬೆನ್ನು ಹಾಕಿ ಕುಳಿತಿರುತ್ತಾನೆ. ಸ್ಪರ್ಧಿಗಳಿಗೆ ತಲಾ ಒಂದೇ ಹುಟ್ಟು ಇದ್ದರೆ ಅದನ್ನು ಸ್ವೀಪ್ ಎಂದೂ, ಎರಡು ಕೈಗಳಿಗೂ ಒಂದೊಂದು ಹುಟ್ಟು ಇದ್ದರೆ ಸ್ಕಲ್ಲಿಂಗ್ ಎಂದೂ ಕರೆಯಲಾಗುತ್ತದೆ. ಸ್ಕಲ್ಲಿಂಗ್‌ನಲ್ಲಿ ಒಬ್ಬರು, ಇಬ್ಬರು ಮತ್ತು ನಾಲ್ವರು ಹುಟ್ಟು ಹಾಕುವ ದೋಣಿಗಳಿಗೆ ಕ್ರಮವಾಗಿ ಸಿಂಗಲ್, ಡಬಲ್ ಮತ್ತು ಕ್ವಾಡ್ರುಪಲ್ ಸ್ಕಲ್ಸ್ ಎಂಬ ಹೆಸರುಗಳಿವೆ. ಸಿಂಗಲ್ ಸ್ಕಲ್ಸ್ ದೋಣಿಯು ಸುಮಾರು 8 ಮೀಟರ್ ಉದ್ದವಿದ್ದು, ನಿಯಮದ ಪ್ರಕಾರ ಕನಿಷ್ಠ 14 ಕಿಲೋಗ್ರಾಂ ತೂಗಬೇಕು. ಅದರಲ್ಲಿ ಚುಕ್ಕಾಣಿ ಹಿಡಿದು ದಾರಿ ಹೇಳುವ ಕಾಕ್ಸ್ ಇರುವುದಿಲ್ಲ. ಸ್ಪರ್ಧಿಯೇ ಆಗಾಗ ಹಿಂದಿರುಗಿ ನೋಡಿಕೊಳ್ಳಬೇಕು.

ನೋಡುವವರಿಗೆ ಇದು ತೋಳಿನ ಆಟವೆಂದು ತೋರಿದರೂ ದೋಣಿಯನ್ನು ಮುನ್ನಡೆಸುವ ಬಲದ ಬಹುಪಾಲು ಕಾಲುಗಳಿಂದಲೇ ಬರುತ್ತದೆ. ಆಸನವು ಹಳಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುತ್ತದೆ. ಪಾದಗಳು ದೋಣಿಗೆ ಬಿಗಿದ ಹಲಗೆಗೆ ಕಟ್ಟಿದ ಬೂಟುಗಳಲ್ಲಿರುತ್ತವೆ. ಪ್ರತಿ ಹೊಡೆತದ ಆರಂಭದಲ್ಲಿ ಸ್ಪರ್ಧಿಯು ಮೊಣಕಾಲುಗಳನ್ನು ಎದೆಯವರೆಗೆ ಮಡಚಿ, ಕಣಕಾಲು ಬಹುತೇಕ ಲಂಬವಾಗುವಂತೆ ಹರಡಿನ ಕೀಲನ್ನು ಬಗ್ಗಿಸಿ, ಅಲ್ಲಿಂದ ಹಲಗೆಯನ್ನು ಒದೆಯಬೇಕು. 2000 ಮೀಟರ್ ಸ್ಪರ್ಧೆಯಲ್ಲಿ ಇಂತಹ ಇನ್ನೂರಕ್ಕೂ ಹೆಚ್ಚು ಹೊಡೆತಗಳಿರುತ್ತವೆ. ಹರಡು ಬಗ್ಗದ, ಮೀನಖಂಡಕ್ಕೆ ಬಲವಿಲ್ಲದ ಸ್ಪರ್ಧಿಯು ತೋಳುಗಳ ಶಕ್ತಿಯೊಂದರಿಂದಲೇ ಆ ಕೊರತೆಯನ್ನು ತುಂಬಿಕೊಳ್ಳಲಾರರು.

ಒಲಿಂಪಿಕ್ಸ್‌ನಲ್ಲಿ ಪುರುಷರ ರೋಯಿಂಗ್ 1900ರಲ್ಲೇ ಆರಂಭವಾದರೂ ಮಹಿಳೆಯರಿಗೆ ಅವಕಾಶ ದೊರೆತದ್ದು 1976ರ ಮಾಂಟ್ರಿಯಲ್ ಕ್ರೀಡಾಕೂಟದಲ್ಲಿ. 1984ರವರೆಗೂ ಮಹಿಳೆಯರ ಸ್ಪರ್ಧೆಯ ದೂರ 1000 ಮೀಟರ್ ಮಾತ್ರವಿತ್ತು. 1988ರ ಸೋಲ್ ಕ್ರೀಡಾಕೂಟದಿಂದ ಅದು ಪುರುಷರಿಗೆ ಸಮನಾಗಿ 2000 ಮೀಟರ್ ಆಯಿತು. ಭಾರತದ ರೋಯಿಂಗ್ ಸ್ಪರ್ಧಿಗಳು ಒಲಿಂಪಿಕ್ಸ್‌ನಲ್ಲಿ ಮೊದಲು ಭಾಗವಹಿಸಿದ್ದು 2000ದ ಸಿಡ್ನಿ ಕೂಟದಲ್ಲಿ. ಅಲ್ಲಿಂದ 2024ರ ಪ್ಯಾರಿಸ್‌ವರೆಗೆ ಒಲಿಂಪಿಕ್ ರೋಯಿಂಗ್‌ಗೆ ಹೋದ ಭಾರತೀಯರೆಲ್ಲರೂ ಪುರುಷರೇ. 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಪ್ರತಿಮಾ ಪುಹಾನಾ ಮತ್ತು ಪ್ರಮೀಳಾ ಪ್ರಭಾ ಮಿಂಜ್ ಜೋಡಿಯು ಕಂಚು ಗೆದ್ದದ್ದು ಭಾರತೀಯ ಮಹಿಳಾ ರೋಯಿಂಗ್‌ನ ಗಮನಾರ್ಹ ಸಾಧನೆ. ಕರ್ನಾಟಕದಲ್ಲಿ ಈ ಕ್ರೀಡೆಯು ಬಹುಮಟ್ಟಿಗೆ ಬೆಂಗಳೂರಿನ ಹಲಸೂರು ಕೆರೆಗೆ, ಅಲ್ಲಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಸೈನಿಕರಿಗೆ ಸಂಬಂಧಿಸಿದ್ದಾಗಿಯೇ ಉಳಿದಿದೆ.

ಆರಂಭಿಕ ಜೀವನ

ಲೌಮನ್ ಅವರು ಕೆನಡಾದ ಒಂಟಾರಿಯೊ ಪ್ರಾಂತ್ಯದ ಮಿಸಿಸಾಗಾ ನಗರದಲ್ಲಿ ಜನಿಸಿದರು. ತಂದೆತಾಯಿಗಳು ಜರ್ಮನಿಯಿಂದ ಬಂದು ನೆಲೆಸಿದವರು. 1976ರಲ್ಲಿ ಮಾಂಟ್ರಿಯಲ್‌ನಲ್ಲಿ ರುಮೇನಿಯದ ಜಿಮ್ನಾಸ್ಟ್ ನಾಡಿಯಾ ಕೊಮನೆಚಿ ಅವರ ಪ್ರದರ್ಶನವನ್ನು ದೂರದರ್ಶನದಲ್ಲಿ ಕಂಡು ಕ್ರೀಡೆಯತ್ತ ಆಕರ್ಷಿತರಾದರು. ಎತ್ತರದ ಮೈಕಟ್ಟು ಜಿಮ್ನಾಸ್ಟಿಕ್ಸ್‌ಗೆ ಒಗ್ಗುವಂತಿರಲಿಲ್ಲ. ಕೆಲಕಾಲ ಓಟದಲ್ಲಿ ತೊಡಗಿಸಿಕೊಂಡರು. ಅಕ್ಕ ಡೇನಿಯಲ್ ಲೌಮನ್ ಆಗಲೇ ರೋಯಿಂಗ್ ಕಲಿಯುತ್ತಿದ್ದರು. ಅವರ ಒತ್ತಾಸೆಯಿಂದ 1982ರಲ್ಲಿ, ತಮ್ಮ 17ನೆಯ ವಯಸ್ಸಿನಲ್ಲಿ, ಸಿಲ್ಕನ್ ಮೊದಲ ಬಾರಿಗೆ ಹುಟ್ಟು ಹಿಡಿದರು. ಇಂದಿನ ಮಾನದಂಡದಲ್ಲಿ ಇದು ತಡವಾದ ಆರಂಭವೆನಿಸಿದರೂ ರೋಯಿಂಗ್‌ನಲ್ಲಿ ಅಪರೂಪದ್ದೇನಲ್ಲ.

ಲಾಸ್ ಏಂಜಲೀಸ್‌ನಿಂದ ಸೋಲ್‌ವರೆಗೆ

ಕ್ರೀಡೆಗೆ ಬಂದ ಎರಡೇ ವರ್ಷಗಳಲ್ಲಿ ಲೌಮನ್ ಒಲಿಂಪಿಕ್ಸ್ ತಲುಪಿದರು. 1984ರ ಲಾಸ್ ಏಂಜಲೀಸ್ ಕೂಟದ ಡಬಲ್ ಸ್ಕಲ್ಸ್‌ನಲ್ಲಿ ಅಕ್ಕತಂಗಿಯರು ಒಂದೇ ದೋಣಿಯಲ್ಲಿ ಕುಳಿತು ಕಂಚಿನ ಪದಕ ಗೆದ್ದರು. ಬೆಳ್ಳಿ ಗೆದ್ದ ನೆದರ್ಲೆಂಡ್ಸ್‌ನ ಗ್ರೇಟ್ ಮತ್ತು ನಿಕೊಲೆಟ್ ಹೆಲ್ಲೆಮನ್ಸ್ ಅವರೂ ಸಹೋದರಿಯರೇ ಆಗಿದ್ದುದರಿಂದ ಪದಕ ವೇದಿಕೆಯ ಮೇಲೆ ಎರಡು ಜೋಡಿ ಸಹೋದರಿಯರು ನಿಂತಂತಾಯಿತು. ಚಿನ್ನ ರುಮೇನಿಯದ ಮರಿಯೋರಾ ಪೊಪೆಸ್ಕು ಮತ್ತು ಎಲಿಸಬೇಟಾ ಒಲೆನಿಯುಕ್ ಅವರ ಪಾಲಾಯಿತು. ಈ ಒಲೆನಿಯುಕ್ ಅವರೇ ಮುಂದೆ ಎಲಿಸಬೇಟಾ ಲಿಪಾ ಎಂಬ ಹೆಸರಿನಿಂದ ಐದು ಒಲಿಂಪಿಕ್ ಚಿನ್ನ ಸೇರಿ ಎಂಟು ಪದಕಗಳನ್ನು ಗೆದ್ದವರು. ಲಿಪಾ ಹುಟ್ಟಿದ್ದು 1964ರ ಅಕ್ಟೋಬರ್ 26ರಂದು, ಲೌಮನ್ ಅವರಿಗಿಂತ ಹತ್ತೊಂಬತ್ತು ದಿನ ಮೊದಲು.

ಆ ವರ್ಷ ಸೋವಿಯತ್ ಒಕ್ಕೂಟ, ಪೂರ್ವ ಜರ್ಮನಿ ಮೊದಲಾದ ದೇಶಗಳು ಲಾಸ್ ಏಂಜಲೀಸ್ ಕೂಟವನ್ನು ಬಹಿಷ್ಕರಿಸಿದ್ದವು. ಬಹಿಷ್ಕಾರಕ್ಕೆ ಸೇರದ ರುಮೇನಿಯವು ಮಹಿಳಾ ರೋಯಿಂಗ್‌ನ ಆರು ಚಿನ್ನಗಳಲ್ಲಿ ಐದನ್ನು ಗೆದ್ದಿತು. ಪೂರ್ವ ಜರ್ಮನಿಯ ದೋಣಿಗಳಿಲ್ಲದ ಕಣದಲ್ಲಿ ದೊರೆತ ಪದಕದ ನಿಜವಾದ ತೂಕವೆಷ್ಟು ಎಂಬುದು ಮುಂದಿನ ಒಲಿಂಪಿಕ್ಸ್‌ನಲ್ಲಷ್ಟೇ ತಿಳಿಯಬಹುದಾಗಿತ್ತು.

1987ರಲ್ಲಿ ಇಂಡಿಯಾನಾಪೊಲಿಸ್‌ನ ಪ್ಯಾನ್ ಅಮೆರಿಕನ್ ಕ್ರೀಡಾಕೂಟದಲ್ಲಿ ಲೌಮನ್ ಸಿಂಗಲ್ ಸ್ಕಲ್ಸ್ ಚಿನ್ನ ಗೆದ್ದರು. ಆದರೆ 1988ರ ಸೋಲ್ ಒಲಿಂಪಿಕ್ಸ್‌ನ ಡಬಲ್ ಸ್ಕಲ್ಸ್‌ನಲ್ಲಿ ಕೇ ವರ್ದಿಂಗ್ಟನ್ ಅವರೊಂದಿಗೆ ಏಳನೆಯ ಸ್ಥಾನಕ್ಕೆ ತೃಪ್ತಿಪಡಬೇಕಾಯಿತು. ಪೂರ್ವ ಜರ್ಮನಿ ಕಣಕ್ಕೆ ಮರಳಿತ್ತು, ದೂರವೂ ಇಮ್ಮಡಿಯಾಗಿತ್ತು.

ಪುರುಷರ ತಂಡದೊಂದಿಗೆ ಅಭ್ಯಾಸ

ಸೋಲ್ ಬಳಿಕ ಲೌಮನ್ ಬ್ರಿಟಿಷ್ ಕೊಲಂಬಿಯಾದ ವಿಕ್ಟೋರಿಯಾಕ್ಕೆ ತೆರಳಿ, ಅಲ್ಲಿನ ಎಲ್ಕ್ ಸರೋವರದಲ್ಲಿ ಕೆನಡಾದ ಪುರುಷರ ತಂಡಕ್ಕೆ ತರಬೇತಿ ನೀಡುತ್ತಿದ್ದ ಇಂಗ್ಲೆಂಡಿನ ಮೈಕ್ ಸ್ಪ್ರಾಕ್ಲೆನ್ ಅವರ ಬಳಿ ಸೇರಿದರು. ಸ್ಪ್ರಾಕ್ಲೆನ್ ಈ ಮೊದಲು ಸ್ಟೀವ್ ರೆಡ್‌ಗ್ರೇವ್ ಅವರಂತಹ ಸ್ಪರ್ಧಿಗಳನ್ನು ರೂಪಿಸಿದ್ದವರು. ಅತಿ ಕಠಿಣ ಮತ್ತು ದೀರ್ಘ ಅಭ್ಯಾಸಕ್ಕೆ ಹೆಸರಾಗಿದ್ದರು. ಲೌಮನ್ ಅವರ ವೃತ್ತಿಜೀವನದಲ್ಲಿ ಇದನ್ನು ಮುಖ್ಯ ತಿರುವೆಂದು ಪರಿಗಣಿಸಬೇಕು. 1990ರಲ್ಲಿ ಟ್ಯಾಸ್ಮೇನಿಯಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಪೂರ್ವ ಜರ್ಮನಿಯ ಬಿರ್ಗಿಟ್ ಪೀಟರ್ ಅವರ ಹಿಂದೆ ಬೆಳ್ಳಿ, 1991ರಲ್ಲಿ ವಿಯೆನ್ನಾದಲ್ಲಿ ಚಿನ್ನ ದೊರೆತವು. 1991ರ ಕೆನಡಾದ ಶ್ರೇಷ್ಠ ಕ್ರೀಡಾಪಟುವಿಗೆ ಸಲ್ಲುವ ಲೂ ಮಾರ್ಶ್ ಟ್ರೋಫಿಯೂ ಅವರಿಗೇ ಸಂದಿತು. ಬಾರ್ಸಿಲೋನಾದಲ್ಲಿ ಚಿನ್ನ ಗೆಲ್ಲಬಹುದಾದವರ ಪಟ್ಟಿಯಲ್ಲಿ ಅವರ ಹೆಸರು ಮೊದಲ ಸಾಲಿನಲ್ಲಿತ್ತು.

ಎಸ್ಸೆನ್ ಅಪಘಾತ

1992ರ ಮೇ 16ರಂದು ಜರ್ಮನಿಯ ಎಸ್ಸೆನ್ ನಗರದಲ್ಲಿ ಅಂತಾರಾಷ್ಟ್ರೀಯ ರೋಯಿಂಗ್ ಕೂಟ ನಡೆಯುತ್ತಿತ್ತು. ತಮ್ಮ ಸ್ಪರ್ಧೆಗೆ ಮುನ್ನ ಲೌಮನ್ ನೀರಿನಲ್ಲಿ ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ಅದೇ ಭಾಗದಲ್ಲಿ ಜರ್ಮನಿಯ ಪುರುಷರ ಜೋಡಿ ದೋಣಿಯೊಂದು ವೇಗವಾಗಿ ಬರುತ್ತಿತ್ತು. ಅದರಲ್ಲಿದ್ದವರು ಪೀಟರ್ ಹ್ಯೋಲ್ಟ್ಸೆನ್‌ಬೈನ್ ಮತ್ತು ಕಾಲಿನ್ ಫಾನ್ ಎಟ್ಟಿಂಗ್ಸ್‌ಹೌಸನ್. ಎರಡೂ ದೋಣಿಗಳ ಸ್ಪರ್ಧಿಗಳು ತಾವು ಸಾಗುವ ದಿಕ್ಕಿಗೆ ಬೆನ್ನು ಹಾಕಿ ಕುಳಿತವರು. ಜರ್ಮನ್ ದೋಣಿಯ ಮೂತಿ ಲೌಮನ್ ಅವರ ದೋಣಿಯ ಪಕ್ಕಕ್ಕೆ ಅಪ್ಪಳಿಸಿತು. ಮುರಿದ ಮರದ ಚೂರುಗಳು ಅವರ ಬಲಗಾಲಿನ ಕೆಳಭಾಗದೊಳಕ್ಕೆ ನುಗ್ಗಿದವು. ಸ್ನಾಯುಗಳು ಮೂಳೆಯಿಂದ ಕಿತ್ತುಬಂದವು, ಮೂಳೆ ಮುರಿಯಿತು, ನರಗಳಿಗೂ ಹಾನಿಯಾಯಿತು.

ಆಸ್ಪತ್ರೆಯಲ್ಲಿ ಒಂದರ ಹಿಂದೆ ಒಂದರಂತೆ ಐದು ಶಸ್ತ್ರಚಿಕಿತ್ಸೆಗಳು ನಡೆದವು. ಗಾಯದೊಳಗೆ ಉಳಿದ ಮರದ ಚಕ್ಕೆಗಳನ್ನು ತೆಗೆಯುವುದು, ಸತ್ತ ಅಂಗಾಂಶವನ್ನು ಕತ್ತರಿಸುವುದು, ಸೋಂಕು ತಡೆಯುವುದು, ಕೊನೆಗೆ ಚರ್ಮ ಕಸಿ ಮಾಡುವುದು ಇಂತಹ ಗಾಯಗಳಲ್ಲಿ ಕ್ರಮವಾಗಿ ಮಾಡಬೇಕಾದ ಕೆಲಸಗಳು. ಆದ್ದರಿಂದಲೇ ಒಂದು ಶಸ್ತ್ರಚಿಕಿತ್ಸೆ ಸಾಲದು. ಆ ಋತುವಿನಲ್ಲಿ ಮತ್ತೆ ಸ್ಪರ್ಧಿಸುವುದು ಅಸಾಧ್ಯವೆಂಬುದೇ ವೈದ್ಯರ ಅಭಿಪ್ರಾಯವಾಗಿತ್ತು. ಅಪಘಾತದ ದಿನದಿಂದ ಒಲಿಂಪಿಕ್ ಅಂತಿಮ ಸ್ಪರ್ಧೆಗೆ 78 ದಿನಗಳಷ್ಟೇ ಉಳಿದಿದ್ದವು.

ಆಸ್ಪತ್ರೆಯ ಹಾಸಿಗೆಯಲ್ಲಿದ್ದಾಗಲೇ ಲೌಮನ್ ತೋಳು ಮತ್ತು ಮೈಯ ಮೇಲ್ಭಾಗದ ವ್ಯಾಯಾಮ ಆರಂಭಿಸಿದರು. ಸುಮಾರು ಮೂರು ವಾರಗಳ ಅನಂತರ ಆಸ್ಪತ್ರೆಯಿಂದ ಹೊರಬಂದು ಕೆನಡಾಕ್ಕೆ ಮರಳಿದರು. ಜೂನ್ ಕೊನೆಯ ವೇಳೆಗೆ ಮತ್ತೆ ದೋಣಿಯಲ್ಲಿದ್ದರು. ಆಗಲೂ ನಡೆಯಲು ಊರುಗೋಲು ಬೇಕಿತ್ತು. ರೋಯಿಂಗ್ ಕುಳಿತು ಆಡುವ ಆಟವಾದ್ದರಿಂದಲೇ ಇದು ಸಾಧ್ಯವಾಯಿತು ಎಂದು ಹೇಳಬಹುದು. ಓಟಗಾರ್ತಿಯೊಬ್ಬರಿಗೆ ಇಂತಹ ಮರಳುವಿಕೆ ಊಹೆಗೂ ನಿಲುಕದು. ಆದರೆ ದೇಹದ ಭಾರ ಹೊರುವ ತೊಂದರೆ ತಪ್ಪಿದರೂ, ಹರಡನ್ನು ಬಗ್ಗಿಸಿ ಒದೆಯುವ ಕೆಲಸ ತಪ್ಪುವುದಿಲ್ಲ. ಗಾಯಗೊಂಡದ್ದು ಅದೇ ಭಾಗ.

ಅಪಘಾತಕ್ಕೆ ಜರ್ಮನ್ ಸ್ಪರ್ಧಿಗಳನ್ನು ಹೊಣೆ ಮಾಡಿ ವಾದ ಬೆಳೆಸುವ ದಾರಿಯನ್ನು ಲೌಮನ್ ಹಿಡಿಯಲಿಲ್ಲ. ಆ ಇಬ್ಬರೂ ಅದೇ ಬಾರ್ಸಿಲೋನಾ ಕೂಟದಲ್ಲಿ ಬೆಳ್ಳಿ ಪದಕ ಗೆದ್ದರು.

ಬಾರ್ಸಿಲೋನಾ 1992

ಬಾರ್ಸಿಲೋನಾ ಕೂಟದ ರೋಯಿಂಗ್ ಸ್ಪರ್ಧೆಗಳು ನಗರದಿಂದ ದೂರದ ಬಾನ್ಯೋಲಸ್ ಸರೋವರದಲ್ಲಿ ನಡೆದವು. ಕಾಲಿಗೆ ಪಟ್ಟಿ ಸುತ್ತಿಕೊಂಡೇ ದೋಣಿಗಟ್ಟೆಗೆ ಬಂದ ಲೌಮನ್ ಪ್ರಾಥಮಿಕ ಸುತ್ತು ಮತ್ತು ಉಪಾಂತ್ಯವನ್ನು ದಾಟಿ ಆರು ದೋಣಿಗಳ ಅಂತಿಮ ಸ್ಪರ್ಧೆಗೆ ಅರ್ಹತೆ ಪಡೆದರು. ಅನೇಕರ ದೃಷ್ಟಿಯಲ್ಲಿ ಸಾಧನೆ ಅಲ್ಲಿಗೇ ಪೂರ್ಣವಾಗಿತ್ತು.

ಆಗಸ್ಟ್ 2ರ ಅಂತಿಮ ಸ್ಪರ್ಧೆಯಲ್ಲಿ ಲಿಪಾ ಮತ್ತು ಬೆಲ್ಜಿಯಂನ ಅನ್ನೆಲೀಸ್ ಬ್ರೆಡಾಲ್ ಮುಂದೆ ಸಾಗಿದರು. ಮೂರನೆಯ ಸ್ಥಾನಕ್ಕೆ ಲೌಮನ್ ಹಾಗೂ ಅಮೆರಿಕದ ಆನ್ ಮಾರ್ಡೆನ್ ನಡುವೆ ಪೈಪೋಟಿ. ಮಾರ್ಡೆನ್ 1988ರಲ್ಲಿ ಇದೇ ವಿಭಾಗದ ಬೆಳ್ಳಿ ಗೆದ್ದವರು. ಸ್ಪರ್ಧೆಯ ಕೊನೆಯ ಭಾಗದಲ್ಲಿ ಮಾರ್ಡೆನ್ ಲೌಮನ್ ಅವರನ್ನು ಹಿಂದಿಕ್ಕಿದರು. ಗಾಯಾಳು ಸ್ಪರ್ಧಿಯೊಬ್ಬರು ಇಂತಹ ಹಂತದಲ್ಲಿ ಹಿಂದೆ ಬಿದ್ದರೆ ಮತ್ತೆ ಮುಂದೆ ಬರುವುದು ಅಪರೂಪ, ಏಕೆಂದರೆ ಕೊನೆಯ ಕೆಲವು ನೂರು ಮೀಟರ್‌ಗಳಲ್ಲಿ ಹೊಡೆತಗಳ ವೇಗವನ್ನು ಏರಿಸಬೇಕಾದದ್ದು ಆಗಲೇ ಸೋತ ಕಾಲುಗಳಿಂದ. ಲೌಮನ್ ವೇಗ ಹೆಚ್ಚಿಸಿ ಮತ್ತೆ ಮಾರ್ಡೆನ್ ಅವರನ್ನು ದಾಟಿದರು. ಸುಮಾರು ಒಂದು ಸೆಕೆಂಡಿನ ಅಂತರದಲ್ಲಿ ಕಂಚು ಅವರದಾಯಿತು. ಚಿನ್ನ ಗೆದ್ದ ಲಿಪಾ ಅವರಿಗಿಂತ ಅವರು ಹಿಂದಿದ್ದುದು ಮೂರೂವರೆ ಸೆಕೆಂಡಿಗಿಂತ ಕಡಿಮೆ.

ಗಾಯವಿಲ್ಲದಿದ್ದರೆ ಚಿನ್ನ ಲೌಮನ್ ಅವರದೇ ಆಗುತ್ತಿತ್ತೆಂಬ ಮಾತು ಕೆನಡಾದಲ್ಲಿ ಆಗಾಗ ಕೇಳಿಬರುತ್ತದೆ. ಲಿಪಾ ಅದೇ ಕೂಟದಲ್ಲಿ ಡಬಲ್ ಸ್ಕಲ್ಸ್‌ನಲ್ಲೂ ಸ್ಪರ್ಧಿಸಿ ಬೆಳ್ಳಿ ಗೆದ್ದಿದ್ದರು ಎಂಬುದನ್ನು ಗಮನಿಸಿದರೆ ಆ ತೀರ್ಮಾನ ಅಷ್ಟು ಸುಲಭವಲ್ಲ. ಆ ವರ್ಷ ಕೆನಡಾದ ರೋಯಿಂಗ್ ತಂಡವು ನಾಲ್ಕು ಚಿನ್ನ ಗೆದ್ದಿತು: ಪುರುಷರ ಎಂಟರ ದೋಣಿ ಹಾಗೂ ಮಹಿಳೆಯರ ಜೋಡಿ, ನಾಲ್ವರ ಮತ್ತು ಎಂಟರ ದೋಣಿಗಳು. ಹೀಗಿದ್ದರೂ ಸಮಾರೋಪ ಸಮಾರಂಭದಲ್ಲಿ ದೇಶದ ಧ್ವಜ ಹಿಡಿದು ನಡೆಯುವ ಗೌರವ ಕಂಚು ಗೆದ್ದ ಲೌಮನ್ ಅವರಿಗೆ ದೊರೆಯಿತು.

ಅನರ್ಹತೆ ಮತ್ತು ಔಷಧ ಪ್ರಕರಣ

ಬಾರ್ಸಿಲೋನಾ ಬಳಿಕದ ವರ್ಷಗಳು ಸರಳವಾಗಿರಲಿಲ್ಲ. 1994ರಲ್ಲಿ ಇಂಡಿಯಾನಾಪೊಲಿಸ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಎರಡು ಬಾರಿ ಸಂಕೇತಕ್ಕೆ ಮುನ್ನವೇ ಹೊರಟ ಕಾರಣ ಅವರನ್ನು ಅನರ್ಹಗೊಳಿಸಲಾಯಿತು.

1995ರಲ್ಲಿ ಅರ್ಜೆಂಟೀನಾದ ಮಾರ್ ಡೆಲ್ ಪ್ಲಾಟಾದಲ್ಲಿ ನಡೆದ ಪ್ಯಾನ್ ಅಮೆರಿಕನ್ ಕ್ರೀಡಾಕೂಟದಲ್ಲಿ ಲೌಮನ್ ಇದ್ದ ಕೆನಡಾದ ಕ್ವಾಡ್ರುಪಲ್ ಸ್ಕಲ್ಸ್ ತಂಡವು ಚಿನ್ನ ಗೆದ್ದಿತು. ಸ್ಪರ್ಧೆಯ ಅನಂತರದ ಪರೀಕ್ಷೆಯಲ್ಲಿ ಅವರ ಮಾದರಿಯಲ್ಲಿ ಸೂಡೋಎಫೆಡ್ರಿನ್ ಎಂಬ ಉತ್ತೇಜಕ ಪತ್ತೆಯಾಯಿತು. ನೆಗಡಿಗಾಗಿ ಅವರು ಬೆನಡ್ರಿಲ್ ತೆಗೆದುಕೊಂಡಿದ್ದರು. ನಮ್ಮ ಮನೆಗಳಲ್ಲಿಯೂ ಪರಿಚಿತವಾಗಿರುವ ಈ ಹೆಸರಿನಡಿ ಬೇರೆ ಬೇರೆ ಮಿಶ್ರಣಗಳು ಮಾರಾಟವಾಗುತ್ತವೆ. ಅವರು ಸೇವಿಸಿದ್ದು ಕಟ್ಟಿದ ಮೂಗನ್ನು ತೆರವುಗೊಳಿಸುವ ಅಂಶವಿದ್ದ ಬಗೆ. ಔಷಧ ತೆಗೆದುಕೊಳ್ಳುವ ಮೊದಲು ತಂಡದ ವೈದ್ಯರನ್ನು ಕೇಳಿಯೇ ಮುಂದುವರಿದಿದ್ದರು. ಉದ್ದೇಶಪೂರ್ವಕವಲ್ಲವೆಂದು ಪರಿಗಣಿಸಿ ಅಂತಾರಾಷ್ಟ್ರೀಯ ರೋಯಿಂಗ್ ಒಕ್ಕೂಟವು ಅವರನ್ನು ನಿಷೇಧಿಸಲಿಲ್ಲ. ಆದರೆ ಚಿನ್ನವನ್ನು ಹಿಂಪಡೆಯಲಾಯಿತು. ಯಾವ ಔಷಧವನ್ನೂ ಸೇವಿಸದ ಮಾರ್ನಿ ಮೆಕ್‌ಬೀನ್, ವೆಂಡಿ ವೀಬ್ ಮತ್ತು ಡಯೇನ್ ಓಗ್ರೇಡಿ ಅವರೂ ತಮ್ಮ ಪದಕಗಳನ್ನು ಕಳೆದುಕೊಂಡರು. ಒಬ್ಬರ ಮಾದರಿಯ ಫಲಿತಾಂಶವು ಇಡೀ ದೋಣಿಗೆ ಅನ್ವಯಿಸುತ್ತದೆ ಎಂಬುದು ಈ ಪ್ರಕರಣದ ಅತ್ಯಂತ ಕಠೋರ ಭಾಗ.

ಸೂಡೋಎಫೆಡ್ರಿನ್ ಕುರಿತ ನಿಯಮ ಅನಂತರ ಹಲವು ಬಾರಿ ಬದಲಾಯಿತು. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯು 2004ರಲ್ಲಿ ಅದನ್ನು ನಿಷೇಧಿತ ಪಟ್ಟಿಯಿಂದ ತೆಗೆದುಹಾಕಿತು. 2010ರಲ್ಲಿ ಮತ್ತೆ ಸೇರಿಸಿ, ಮೂತ್ರದ ಪ್ರತಿ ಮಿಲಿಲೀಟರ್‌ಗೆ 150 ಮೈಕ್ರೋಗ್ರಾಂ ಮೀರಿದರೆ ಮಾತ್ರ ಉಲ್ಲಂಘನೆಯೆಂದು ನಿಗದಿಪಡಿಸಿತು.

ಅಟ್ಲಾಂಟಾ 1996 ಮತ್ತು ನಿವೃತ್ತಿ

1995ರ ವಿಶ್ವ ಚಾಂಪಿಯನ್‌ಶಿಪ್ ಫಿನ್ಲೆಂಡಿನ ಟಾಂಪೆರೆಯಲ್ಲಿ ನಡೆಯಿತು. ಸ್ವೀಡನ್ನಿನ ಮಾರಿಯಾ ಬ್ರಾಂಡಿನ್ ಚಿನ್ನ ಗೆದ್ದರೆ ಲೌಮನ್ ಬೆಳ್ಳಿ ಪಡೆದರು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನ ಸಿಂಗಲ್ ಸ್ಕಲ್ಸ್ ಅಂತಿಮ ಸ್ಪರ್ಧೆಯಲ್ಲಿ ಬೆಲಾರುಸ್‌ನ ಎಕಟೆರಿನಾ ಖೊಡೊಟೊವಿಚ್ ಮೊದಲಿಗರಾದರು. ಲೌಮನ್ ಎರಡನೆಯವರಾಗಿ ತಮ್ಮ ಒಲಿಂಪಿಕ್ ಜೀವನದ ಏಕೈಕ ಬೆಳ್ಳಿ ಗೆದ್ದರು. ಡೆನ್ಮಾರ್ಕ್‌ನ ಟ್ರೀನೆ ಹಾನ್ಸೆನ್ ಮೂರನೆಯವರಾದರು. ಖೊಡೊಟೊವಿಚ್ ಮುಂದೆ ಕಾರ್ಸ್ಟೆನ್ ಎಂಬ ಹೆಸರಿನಲ್ಲಿ 2000ದಲ್ಲಿಯೂ ಇದೇ ಚಿನ್ನವನ್ನು ಉಳಿಸಿಕೊಂಡರು. ಫಲಿತಾಂಶವನ್ನಷ್ಟೇ ಅಳೆದರೆ ಅಟ್ಲಾಂಟಾದ ಬೆಳ್ಳಿಯೇ ಲೌಮನ್ ಅವರ ಅತ್ಯುತ್ತಮ ಒಲಿಂಪಿಕ್ ಸಾಧನೆ. ಆದರೂ ಅವರ ಹೆಸರು ಬಂದಲ್ಲೆಲ್ಲ ಉಲ್ಲೇಖವಾಗುವುದು ನಾಲ್ಕು ವರ್ಷ ಹಿಂದಿನ ಕಂಚು.

1999ರಲ್ಲಿ ಅವರು ಸ್ಪರ್ಧಾತ್ಮಕ ರೋಯಿಂಗ್‌ನಿಂದ ನಿವೃತ್ತಿ ಘೋಷಿಸಿದರು. ಅದೇ ವರ್ಷ, ಕ್ರೀಡೆಯ ಅತ್ಯುನ್ನತ ಗೌರವವೆನಿಸಿದ ಥಾಮಸ್ ಕೆಲ್ಲರ್ ಪದಕವನ್ನು ಅಂತಾರಾಷ್ಟ್ರೀಯ ರೋಯಿಂಗ್ ಒಕ್ಕೂಟ ಅವರಿಗೆ ನೀಡಿತು. ಸುದೀರ್ಘ ಸಾಧನೆಯ ಜೊತೆಗೆ ಕ್ರೀಡಾ ಮನೋಭಾವವನ್ನೂ ಪರಿಗಣಿಸಿ ಈ ಪದಕ ಕೊಡಲಾಗುತ್ತದೆ. ಪದಕಗಳ ಎಣಿಕೆಯಲ್ಲಿ ಲೌಮನ್ ಅವರಿಗಿಂತ ಮುಂದಿದ್ದ ಹಲವರಿಗೆ ಅದು ದೊರೆತಿಲ್ಲ. ಕೆನಡಾದ ಕ್ರೀಡಾ ಗೌರವ ಭವನದಲ್ಲಿಯೂ ಅವರ ಹೆಸರಿದೆ.

ನಂತರದ ಜೀವನ ಮತ್ತು ಬರಹ

ಲೌಮನ್ ಅವರು ಸಹ ರೋಯಿಂಗ್ ಸ್ಪರ್ಧಿ ಜಾನ್ ವಾಲೇಸ್ ಅವರನ್ನು ವಿವಾಹವಾಗಿದ್ದರು. ವಾಲೇಸ್ 1992ರಲ್ಲಿ ಚಿನ್ನ ಗೆದ್ದ ಕೆನಡಾದ ಎಂಟರ ದೋಣಿಯಲ್ಲಿದ್ದವರು. ಮುಂದೆ ಈ ವಿವಾಹ ವಿಚ್ಛೇದನದಲ್ಲಿ ಕೊನೆಗೊಂಡಿತು. ನಿವೃತ್ತಿಯ ಬಳಿಕ ಲೌಮನ್ ಭಾಷಣಕಾರ್ತಿಯಾಗಿಯೂ, ಸಂಕಷ್ಟದಲ್ಲಿರುವ ಮಕ್ಕಳಿಗೆ ಆಟದ ಅವಕಾಶ ಒದಗಿಸುವ ರೈಟ್ ಟು ಪ್ಲೇ ಸಂಸ್ಥೆಯ ಬೆಂಬಲಿಗರಾಗಿಯೂ ಕೆಲಸ ಮಾಡಿದರು. ಮಕ್ಕಳ ಬದುಕಿನಲ್ಲಿ ನಿರ್ಬಂಧವಿಲ್ಲದ ಆಟದ ಮಹತ್ವವನ್ನು ಕುರಿತ ಅವರ ಪುಸ್ತಕ 'ಚೈಲ್ಡ್ಸ್ ಪ್ಲೇ' 2006ರಲ್ಲಿ ಪ್ರಕಟವಾಯಿತು.

2014ರ ಆತ್ಮಕಥನ 'ಅನ್‌ಸಿಂಕಬಲ್' ಅವರ ಬಗೆಗಿನ ಸಾರ್ವಜನಿಕ ಚಿತ್ರವನ್ನು ಬದಲಿಸಿತು. ಬಾಲ್ಯದ ಮನೆಯಲ್ಲಿ ಅನುಭವಿಸಿದ ಭಯ, ಹದಿಹರೆಯದಲ್ಲಿ ಆಹಾರವನ್ನು ನಿರಾಕರಿಸುವ ಮಾನಸಿಕ ವ್ಯಾಧಿ, ಖಿನ್ನತೆ ಇವುಗಳನ್ನು ಅವರು ಅದರಲ್ಲಿ ಮರೆಮಾಚದೆ ಬರೆದಿದ್ದಾರೆ. ಎರಡು ದಶಕಗಳ ಕಾಲ ಕೆನಡಾದ ಓದುಗರು ಅವರನ್ನು ಒಂದು ಕಾಲಿನ ಗಾಯ ಮತ್ತು ಅದನ್ನು ಮೀರಿದ ಛಲದ ಮೂಲಕವೇ ಅರಿತಿದ್ದರು. ಬಾರ್ಸಿಲೋನಾದಲ್ಲಿ ಎಲ್ಲರಿಗೂ ಕಂಡ ಗಾಯಕ್ಕಿಂತ ಹಳೆಯದಾದ, ಯಾರಿಗೂ ಕಾಣದ ಗಾಯಗಳೂ ಆ ದೋಣಿಯಲ್ಲಿದ್ದವೆಂಬುದು ಈ ಪುಸ್ತಕದಿಂದ ತಿಳಿದುಬಂದಿತು. ಆನಂತರ ಅವರು ಮಾನಸಿಕ ಆರೋಗ್ಯ ಕುರಿತ ಸಾರ್ವಜನಿಕ ಚರ್ಚೆಗಳಲ್ಲಿ ತೊಡಗಿಕೊಂಡಿದ್ದು, ಬ್ರಿಟಿಷ್ ಕೊಲಂಬಿಯಾದಲ್ಲಿ ನೆಲೆಸಿದ್ದಾರೆ.